ಥರ್ಮೋಸ್ಟಾಟ್ ಟಿಕ್ ಅಂದ್ರೂ ರೇಡಿಯೇಟರ್ ತಣ್ಣಗೆ

ಪ್ರಶ್ನೆ: ಸರ್, ಪೆನ್ಸಿಲ್ವೇನಿಯಾದ ಸ್ಕ್ರ್ಯಾಂಟನ್ ಹತ್ರ ಹಳೇ ಮನೆ ತಗೊಂಡಿದೀವಿ, ಬೇಸ್‌ಮೆಂಟಲ್ಲಿ ಆಂಥ್ರಸೈಟ್ ಅನ್ನೋ ಗಟ್ಟಿ ಕಲ್ಲಿದ್ದಲಿನ ಸ್ಟೋಕರ್ ಬಾಯ್ಲರ್ (ಕಲ್ಲಿದ್ದಲನ್ನ ತಾನೇ ಬೆಂಕಿಗೆ ತಳ್ಳಿ ನೀರು ಕಾಯಿಸೋದು) ಇದೆ. ಥರ್ಮೋಸ್ಟಾಟ್ ಟಿಕ್ ಅನ್ನುತ್ತೆ, ರೇಡಿಯೇಟರ್ ಮಾತ್ರ ತಣ್ಣಗೇ. ಚಳಿ ಕಮ್ಮಿ ಇದ್ದ ದಿನ ಬೆಂಕಿನೂ ಆರೋಗುತ್ತೆ. ವೈರಿಂಗ್ ಹೋಗಿದ್ಯಾ?

ಉತ್ತರ: ವೈರ್ ಮುಟ್ಟೋಕೆ ಮುಂಚೆ ಬಾಯ್ಲರ್ ನೀರಿನ ಬಿಸಿ ತೋರಿಸೋ ಗೇಜ್ ನೋಡಿ. ಬಾಯ್ಲರ್ ಮೇಲಿರೋ ಅಕ್ವಾಸ್ಟಾಟ್ (ನೀರಿನ ಬಿಸಿ ನೋಡಿ ಬಾಯ್ಲರ್ ನಡೆಸೋ ಕಂಟ್ರೋಲ್) ಬಾಕ್ಸಲ್ಲಿ ಲೋ ಲಿಮಿಟ್, ಅಂದ್ರೆ ಕನಿಷ್ಠ ಬಿಸಿಯ ಸೆಟ್ಟಿಂಗ್ ಇದ್ದು ಅದನ್ನ 160 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಟ್ಟಿದ್ರೆ, ನೀರು ಹತ್ತತ್ರ ಅಷ್ಟು ಕಾಯೋ ತನಕ ರೇಡಿಯೇಟರ್‌ಗೆ ನೀರು ಕಳಿಸೋ ಪಂಪ್ ಓಡಲ್ಲ, ಅದು ರಿಪೇರಿ ಅಲ್ಲ, ಅದರ ಕೆಲಸಾನೇ ಹಾಗೆ. ನೀರು ಕಾದಿದ್ರೂ ಪಂಪ್ ನಿಂತೇ ಇದ್ರೆ ಬ್ರೇಕರ್ ಆಫ್ ಮಾಡಿ, ಟಿ-ಟಿ ಅಂತ ಬರೆದಿರೋ ಎರಡು ಸ್ಕ್ರೂಗಳಿಂದ ಥರ್ಮೋಸ್ಟಾಟ್ ವೈರ್ ಬಿಚ್ಚಿ, ಅವೆರಡರ ಮಧ್ಯೆ ತುಂಡು ವೈರ್ ಹಾಕಿ, ಆಮೇಲೆ ಪವರ್ ಕೊಡಿ. ಪಂಪ್ ಓಡ್ತಾ? ಹಾಗಾದ್ರೆ ದೋಷ ಥರ್ಮೋಸ್ಟಾಟಲ್ಲಿ ಇಲ್ಲಾ ಅದರ ವೈರಲ್ಲಿ. ಓಡದಿದ್ರೆ ದೋಷ ಪಂಪ್ ಆನ್ ಮಾಡೋ ರಿಲೇ ಸ್ವಿಚ್ಚಲ್ಲಿ ಅಥವಾ ಪಂಪಲ್ಲಿ, ಅಲ್ಲಿ 120 ವೋಲ್ಟ್ ಇರುತ್ತೆ, ದಯವಿಟ್ಟು ಎಲೆಕ್ಟ್ರಿಷಿಯನ್ ಕರೆಸಿ. ಟೆಸ್ಟ್ ಮುಗಿದ್ಮೇಲೆ ತುಂಡು ವೈರ್ ತೆಗೀರಿ.

ಬೆಂಕಿ ಆರೋದು ಬಹುಶಃ ಟೈಮರ್‌ದು. ಬಿಸಿ ಬೇಡದಿದ್ದಾಗಲೂ ಅದು ಆಗಾಗ ಸ್ಟೋಕರ್ ಓಡಿಸಿ ಕೆಂಡ ಉಳಿಸಬೇಕು, ಹಾಗಾಗಿ ಓಡೋ ಟೈಮ್ ಸ್ವಲ್ಪಸ್ವಲ್ಪನೇ ಜಾಸ್ತಿ ಮಾಡ್ತಾ ಹೋಗಿ. ನೀರು ಮಿತಿ ಮೀರಿ ಕಾದ್ರೆ ಸ್ಟೋಕರ್ ನಿಲ್ಲಿಸೋ ಹೈ ಲಿಮಿಟ್ ಸ್ವಿಚ್ ಮಾತ್ರ ಯಾವತ್ತೂ ಬೈಪಾಸ್ ಮಾಡ್ಬೇಡಿ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ದಿದ್ರೆ ಇವತ್ತೇ ತಂದು ಹಾಕಿ.