ಅಕ್ವೇರಿಯಂನಲ್ಲಿ ಹಬ್ಬುತ್ತಿರುವ ಈ ಕಡಲಪಾಚಿ ಯಾವುದು? ಬೆಳೆಸುವುದು ಹೇಗೆ?

ವಿಜಯಪುರದ ನಿಮ್ಮ ಮನೆಯ ಉಪ್ಪುನೀರಿನ ಅಕ್ವೇರಿಯಂನಲ್ಲಿ ಹಸಿರು ಮಣಿಗೊಂಚಲಿನಂತಹ ಪಾಚಿ ಹಬ್ಬುತ್ತಿದೆ ಎಂದಿದ್ದೀರಿ. ಮಣಿಗಳಿಗಿಂತ ಮೊದಲು ಬುಡ ನೋಡಿ. ಕಲ್ಲಿನ ಮೇಲೆ ಅಡ್ಡಲಾಗಿ ಹರಿಯುವ ಬಳ್ಳಿ, ಅದರಡಿ ಬೇರಿನಂತಹ ಎಳೆಗಳಿದ್ದರೆ ಅದು ಕಾಲರ್ಪಾ. ಬಳ್ಳಿಯಿಲ್ಲದ ಗಡುಸು ದಾರದ ಸಿಕ್ಕಾದರೆ ಕೀಟೋಮಾರ್ಫಾ. ಸುಣ್ಣಗಟ್ಟಿದ ಪುಟ್ಟ ಬಿಲ್ಲೆಗಳ ಸರವಾದರೆ ಹ್ಯಾಲಿಮಿಡಾ, ಅದಕ್ಕೆ ನೀರಿನಲ್ಲಿ ಕ್ಯಾಲ್ಸಿಯಂ ಚೆನ್ನಾಗಿರಬೇಕು.

ಮಣಿಗೊಂಚಲಿನಂತಿದ್ದು ಹಬ್ಬುತ್ತಿದೆ ಎಂದಿರುವುದರಿಂದ ನಿಮ್ಮದು ಕಾಲರ್ಪಾ ಎಂದೇ ತೋರುತ್ತದೆ. ಅಷ್ಟು ದೊಡ್ಡ ಗಿಡವೂ ಅನೇಕ ಕೋಶಕೇಂದ್ರಗಳಿರುವ ಒಂದೇ ಜೀವಕೋಶ! ಒಮ್ಮೊಮ್ಮೆ ಅದು ಸಂತಾನಕೋಶಗಳನ್ನು ನೀರಿಗೆ ಬಿಟ್ಟು ಬಿಳಚಿ ಸಾಯುತ್ತದೆ. ನೀರು ಮಬ್ಬಾಗಿ ಆಮ್ಲಜನಕ ಕುಸಿದು ಮೀನುಗಳಿಗೆ ಆಪತ್ತು. ಆದ್ದರಿಂದ ಆಗಾಗ ತೆಳುಗೊಳಿಸಿ. ಅಲ್ಲಲ್ಲಿ ಕತ್ತರಿಸುವುದಕ್ಕಿಂತ ಬಳ್ಳಿಯನ್ನು ಉದ್ದಕ್ಕೆ ಬಿಡಿಸಿ ತೆಗೆಯುವುದು ವಾಸಿ.

ಕೊಳವೆಬಾವಿಯ ಗಡಸು ನೀರು ಬೇಡವೇ ಬೇಡ. ಆರ್‌ಒ ನೀರಿಗೆ ಕಡಲನೀರಿನ ಅಕ್ವೇರಿಯಂಗೆಂದೇ ಸಿಗುವ ಉಪ್ಪು (ಮರೀನ್ ಸಾಲ್ಟ್) ಬೆರೆಸಿ ಸಾಪೇಕ್ಷ ಸಾಂದ್ರತೆಯನ್ನು (ಸಿಹಿನೀರಿಗಿಂತ ಎಷ್ಟು ಪಟ್ಟು ಸಾಂದ್ರ ಎಂಬ ಅಳತೆ) 1.025ರ ಆಸುಪಾಸಿನಲ್ಲಿಡಿ. ನಮ್ಮ ಏಪ್ರಿಲ್-ಮೇ ಬಿಸಿಲಿಗೆ ನೀರು ಬೇಗ ಆವಿಯಾಗುತ್ತದೆ, ಉಪ್ಪು ಮಾತ್ರ ಅಲ್ಲೇ ಉಳಿಯುತ್ತದೆ. ಕಡಿಮೆಯಾದಷ್ಟು ಉಪ್ಪು ಬೆರೆಸದ ಆರ್‌ಒ ನೀರನ್ನೇ ದಿನವೂ ತುಂಬಿ. ಉಷ್ಣತೆ 24ರಿಂದ 26 ಡಿಗ್ರಿ ಸೆಲ್ಸಿಯಸ್ ಇರಲಿ. ಫ್ಯಾನ್ ಸಾಲದಿದ್ದರೆ ನೀರು ತಣಿಸುವ ಯಂತ್ರ (ಚಿಲ್ಲರ್) ಕೊಳ್ಳಲೇಬೇಕು, ದುಬಾರಿಯಾದರೂ.

ಬೆಳಕು ದಿನಕ್ಕೆ ಎಂಟು-ಹತ್ತು ಗಂಟೆ ಸಾಕು. ಪಾಚಿಗೆ ಗೊಬ್ಬರವಾಗುವ ನೈಟ್ರೇಟ್ ನೀರಿನಲ್ಲಿ ಸೊನ್ನೆಗಿಳಿದರೆ ಪಾಚಿ ಹಸಿವಿನಿಂದಲೇ ಬಿಳಚುತ್ತದೆ. ನೀರನ್ನು ಅತಿಯಾಗಿ ಶುದ್ಧಗೊಳಿಸುವ ಹಟ ಇಲ್ಲಿ ಕೆಲಸಕ್ಕೆ ಬಾರದು.

ಅಂದಹಾಗೆ, ಟ್ಯಾಂಗ್ ಮೀನು ಸಾಕುವ ಆಲೋಚನೆಯಿದ್ದರೆ ಪಾಚಿಯ ಆಸೆ ಬಿಡಿ. ಅದು ಮೇಯುವುದೇ ಪಾಚಿಯನ್ನು.