ಕಣ್ಣಿನ ಪರದೆಯ ಫೋಟೊದಿಂದ ರಕ್ತನಾಳಗಳ ಆರೋಗ್ಯ ತಿಳಿಯುತ್ತದೆಯೇ?

ತಂದೆಯವರ ದೃಷ್ಟಿ ಚೆನ್ನಾಗಿಯೇ ಇರುವಾಗ, ಬಿಪಿಗೆಂದು ತೋರಿಸಿದ ವಿಜಯಪುರದ ವೈದ್ಯರು ಕಣ್ಣಿನ ಪರದೆಯ ಫೋಟೊ ತೆಗೆಸಲು ಹೇಳಿದ್ದೇಕೆ ಎಂದು ಕೇಳಿದ್ದೀರಿ. ಚರ್ಮ ಕೊಯ್ಯದೆ ಸಣ್ಣ ರಕ್ತನಾಳಗಳನ್ನು ನೇರವಾಗಿ, ಸ್ಪಷ್ಟವಾಗಿ ನೋಡಲು ಕಣ್ಣಿನ ಹಿಂಬದಿಯ ಈ ಪರದೆಯಷ್ಟು, ಅಂದರೆ ರೆಟಿನಾದಷ್ಟು, ಅನುಕೂಲವಾದ ಜಾಗ ದೇಹದಲ್ಲಿ ಬೇರೊಂದಿಲ್ಲ.

ಆರೋಗ್ಯವಂತರ ರೆಟಿನಾದಲ್ಲಿ ಅಪಧಮನಿ (ಹೃದಯದಿಂದ ರಕ್ತ ತರುವ ನಾಳ) ಮತ್ತು ಅಭಿಧಮನಿಗಳ (ಹೃದಯಕ್ಕೆ ರಕ್ತ ಮರಳಿಸುವ ನಾಳ) ಅಗಲ ಸುಮಾರು 2:3ರ ಪ್ರಮಾಣದಲ್ಲಿರುತ್ತದೆ. ರಕ್ತದೊತ್ತಡ ವರ್ಷಗಟ್ಟಲೆ ಹೆಚ್ಚಿದ್ದರೆ ಅಪಧಮನಿಗಳು ಕಿರಿದಾಗಿ, ಅವುಗಳ ಗೋಡೆ ದಪ್ಪವಾಗಿ, ಎರಡೂ ಒಂದನ್ನೊಂದು ಹಾಯುವಲ್ಲಿ ಅಪಧಮನಿಯು ಅಭಿಧಮನಿಯನ್ನು ಅದುಮಿ ಹಿಡಿದಂತೆ ಕಾಣುತ್ತದೆ. ಕಾಯಿಲೆ ಬೆಳೆದಾಗ ಸಣ್ಣ ರಕ್ತಸ್ರಾವಗಳೂ ಹತ್ತಿಯ ಚೂರಿನಂತಹ ಬಿಳಿ ಕಲೆಗಳೂ ಮೂಡುತ್ತವೆ. ದೃಷ್ಟಿ ಮಂಜಾಗುವ ಮೊದಲೇ ಇವು ಕಾಣಿಸಬಹುದು, ಮಿದುಳು ಮತ್ತು ಮೂತ್ರಪಿಂಡದ ಸಣ್ಣ ನಾಳಗಳೂ ಇದೇ ಬಗೆಯ ಹಾನಿಗೆ ಒಳಗಾಗಿರಬಹುದೆಂಬ ಸುಳಿವನ್ನೂ ಕೊಡಬಹುದು. ಈ ಪರೀಕ್ಷೆಯನ್ನು ಮುಂದೂಡಬೇಡಿರೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಗೂಗಲ್ ಸಂಶೋಧಕರು 2018ರಲ್ಲಿ ಇಂತಹ ಚಿತ್ರಗಳಿಂದಲೇ ವ್ಯಕ್ತಿಯ ವಯಸ್ಸು, ಧೂಮಪಾನದ ಅಭ್ಯಾಸಗಳನ್ನು ಕಂಪ್ಯೂಟರ್ ಅಂದಾಜಿಸಬಲ್ಲದೆಂದು ತೋರಿಸಿದರು. ಆದರೆ ಹೃದಯದ ದೊಡ್ಡ ನಾಳದಲ್ಲಿ ಅಡಚಣೆಯಿದೆಯೇ ಎಂಬುದನ್ನು ಈ ಫೋಟೊ ತೋರಿಸುವುದಿಲ್ಲ. ಬಿಪಿ, ಸಕ್ಕರೆ, ಕೊಲೆಸ್ಟೆರಾಲ್ ಪರೀಕ್ಷೆಗಳು ಬೇಕೇ ಬೇಕು.

ಪಾಪೆ ಅಗಲಿಸಲು ಹನಿ ಹಾಕಿದರೆ ಕೆಲವು ಗಂಟೆ ಕಣ್ಣು ಮಬ್ಬಾಗುವುದರಿಂದ, ತಂದೆಯವರು ಬೈಕಿನಲ್ಲಿ ಒಬ್ಬರೇ ಊರಿಗೆ ಮರಳದಂತೆ ನೋಡಿಕೊಳ್ಳಿ.