ಪಿಕಪ್‌ನ ಮೂತಿ ಒಂದು ಕಡೆಗೆ ವಾಲಿದೆ, ಏನು ಮಾಡಲಿ?

ಪ್ರಶ್ನೆ: ಹಳೆಯ ಇಸುಜು ವಿ-ಕ್ರಾಸ್ ಪಿಕಪ್ ಕೊಂಡಿದ್ದೇನೆ. ಹಿಂದಿನ ಮಾಲೀಕರು ಅದರ ಮುಂಭಾಗಕ್ಕೆ ಎತ್ತರ ಹೊಂದಿಸಬಹುದಾದ ಕಾಯಿಲ್‌ಓವರ್ (ಶಾಕ್ ಅಬ್ಸಾರ್ಬರ್ ಸುತ್ತ ಸ್ಪ್ರಿಂಗ್ ಇರುವ ಜೋಡಣೆ) ಹಾಕಿಸಿದ್ದಾರೆ. ಈಗ ಎಡಭಾಗ ಬಲಕ್ಕಿಂತ ಮುಕ್ಕಾಲು ಇಂಚು ತಗ್ಗಿದೆ. ಹಂಪ್ ಇಳಿಯುವಾಗ ಮುಂದಿನಿಂದ ‘ಟಕ್’ ಎಂಬ ಸದ್ದು ಬರುತ್ತದೆ. ಎಡಗಡೆಯ ಸ್ಪ್ರಿಂಗ್ ಬಿಗಿ ಮಾಡಿದರೆ ಸಾಕೆಂದು ನಮ್ಮ ಮೆಕ್ಯಾನಿಕ್ ಹೇಳುತ್ತಾರೆ. ತೋಟಕ್ಕೆ ಗೊಬ್ಬರವನ್ನೂ ಇದರಲ್ಲೇ ಸಾಗಿಸುತ್ತೇನೆ. ದಾರಿ ತೋರಿಸಿ.
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಎಡವನ್ನು ಏರಿಸುವ ಮೊದಲು ಬಲವನ್ನು ಅನುಮಾನಿಸಿ ನೋಡಿ. ಕಾಯಿಲ್‌ಓವರ್‌ನಲ್ಲಿ ಶಾಕ್ ಅಬ್ಸಾರ್ಬರ್‌ನ ಮೈಮೇಲೆ ಥ್ರೆಡ್ ಇದ್ದು, ಸ್ಪ್ರಿಂಗನ್ನು ಹಿಡಿದಿರುವ ರಿಂಗನ್ನು ತಿರುಗಿಸಿದಾಗ ಗಾಡಿಯ ಎತ್ತರ ಬದಲಾಗುತ್ತದೆಯೇ ಹೊರತು, ಸಾಮಾನ್ಯ ಸ್ಪ್ರಿಂಗಿನ ಗಡಸುತನ ಬದಲಾಗುವುದಿಲ್ಲ. ರಿಂಗನ್ನು ಅತಿಯಾಗಿ ಬಿಗಿ ಮಾಡಿದರೆ, ಗಾಡಿ ನಿಂತಿರುವಾಗಲೇ ಶಾಕ್ ಬಹುಪಾಲು ಹಿಗ್ಗಿಕೊಂಡಿರುತ್ತದೆ. ಹಂಪ್ ದಾಟಿದ ಚಕ್ರ ಕೆಳಗೆ ಇಳಿಯಲು ಜಾಗವಿಲ್ಲದೆ ಶಾಕ್ ತನ್ನ ಕೊನೆಯನ್ನು ಬಡಿಯುತ್ತದೆ. ನಿಮ್ಮ ‘ಟಕ್’ ಬಹುಶಃ ಇದೇ ಇರಬೇಕು. ಆದರೂ ಬಾಲ್ ಜಾಯಿಂಟ್ ಮತ್ತು ಬುಷ್‌ಗಳನ್ನೂ ಒಮ್ಮೆ ಅಲುಗಾಡಿಸಿ ನೋಡಲು ಹೇಳಿ.

ಸಮತಟ್ಟಾದ ನೆಲದಲ್ಲಿ, ಟೈರ್‌ಗಳ ಗಾಳಿ ಸರಿಯಾಗಿರುವಾಗ, ಖಾಲಿ ಗಾಡಿಯಲ್ಲಿ, ಚಕ್ರದ ನಡುಬಿಂದುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಡಿ. ವಾಲಿಕೆಗೆ ಹಿಂದಿನ ಲೀಫ್ ಸ್ಪ್ರಿಂಗ್ ಕೂಡ ಕಾರಣವಾಗಬಹುದು. ಮುಂದಿನ ಚಕ್ರಗಳಿಗೆ ಎರಡೂ ಬದಿಯಿಂದ ಅಡೆ ಕೊಟ್ಟು (ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ, ಮರೆಯಬೇಡಿ), ಹಿಂದಿನ ಆಕ್ಸಲನ್ನು ನಟ್ಟನಡುವೆ, ಅಲ್ಲಿ ಉಬ್ಬಿರುವ ಗೇರ್ ಪೆಟ್ಟಿಗೆಯಾದ ಡಿಫರೆನ್ಷಿಯಲ್ ಕೆಳಗೆ ಜಾಕಿ ಇಟ್ಟು ಎತ್ತಿರಿ. ಆಗ ಮುಂಭಾಗ ಸಮವಾದರೆ ದೋಷ ಹಿಂದಿನದು, ಹಾಗೆಯೇ ಉಳಿದರೆ ಮುಂದಿನದು. ಈ ಪರೀಕ್ಷೆ ಮಾಡದೆ ರಿಂಗಿಗೆ ಕೈ ಹಚ್ಚುವವರೇ ಹೆಚ್ಚು.

ದೋಷ ಮುಂದಿನದೇ ಆದರೆ, ಬಲ ಚಕ್ರದ ಕಡೆ ಛಾಸಿಯನ್ನು ನಿಧಾನವಾಗಿ ಎತ್ತುತ್ತಾ, ಚಕ್ರ ನೆಲ ಬಿಡುವ ಹೊತ್ತಿಗೆ ಅದರ ನಡುಬಿಂದುವಿನಿಂದ ಮಡ್‌ಗಾರ್ಡ್‌ವರೆಗಿನ ಅಳತೆ ಎಷ್ಟು ಹೆಚ್ಚಿತೆಂದು ನೋಡಿ. ಎರಡು ಇಂಚು ಸಹ ಹೆಚ್ಚದಿದ್ದರೆ ಬಲವನ್ನು ಇಳಿಸಬೇಕೆಂಬುದು ನನ್ನ ಅಭಿಪ್ರಾಯ. ಎಡವನ್ನು ಅದರ ಮಟ್ಟಕ್ಕೆ ಏರಿಸಿದರೆ ಸದ್ದು ಎರಡೂ ಕಡೆಯಿಂದ ಬರುತ್ತದೆ, ಜೊತೆಗೆ ಆಕ್ಸಲ್ ಜಾಯಿಂಟ್‌ಗಳ ಕೋನ ಕಡಿದಾಗಿ ಅವುಗಳ ರಬ್ಬರ್ ಬೂಟುಗಳು ಬೇಗ ಹರಿಯುತ್ತವೆ.

ಛಾಸಿಯ ಕೆಳಗೆ ಸ್ಟ್ಯಾಂಡ್ ಕೊಟ್ಟು, ಚಕ್ರಗಳನ್ನು ತೂಗುಬಿಟ್ಟು ಕೆಲಸ ಮಾಡಬೇಕು. ಬರೀ ಜಾಕಿಯ ಮೇಲೆ ಖಂಡಿತ ಬೇಡ. ಥ್ರೆಡ್‌ನಲ್ಲಿ ಒಣಗಿ ಕೂತ ಕೆಂಪು ಮಣ್ಣನ್ನು ಬ್ರಷ್‌ನಿಂದ ತೆಗೆಯದೆ ತಿರುಗಿಸಿದರೆ ಅಲ್ಯೂಮಿನಿಯಂ ಥ್ರೆಡ್ ಕೆರೆದುಹೋಗುತ್ತದೆ. ಸ್ಪ್ರಿಂಗ್ ಹಿಡಿದ ರಿಂಗ್ ಸರಿಯದಂತೆ ಬಿಗಿದಿರುವ ಲಾಕ್ ರಿಂಗನ್ನು ಸಡಿಲಿಸಿ, ಬಣ್ಣದ ಗುರುತು ಹಾಕಿ, ಕಿಟ್‌ನೊಂದಿಗೆ ಬರುವ ಕೊಕ್ಕೆಯಾಕಾರದ ಸ್ಪ್ಯಾನರ್‌ನಿಂದಲೇ ತಿರುಗಿಸಿ. ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆಯಲು ಬಿಡಬೇಡಿ. ಚಕ್ರವನ್ನು ಛಾಸಿಗೆ ಜೋಡಿಸುವ ಕೆಳತೋಳಿನ ನಡುವೆ ಶಾಕ್ ಕೂತಿರುವುದರಿಂದ, ರಿಂಗ್ 10 ಮಿ.ಮೀ. ಸರಿದರೆ ಚಕ್ರದ ಬಳಿ ಎತ್ತರ ಸುಮಾರು 15ರಿಂದ 20 ಮಿ.ಮೀ. ಬದಲಾಗುತ್ತದೆ. ಒಂದು ಕಡೆ ಬದಲಿಸಿದಾಗ ಇನ್ನೊಂದು ಕಡೆಯ ಅಳತೆಯೂ ಕೊಂಚ ಸರಿಯುವ ಕಾರಣ, ಮೊದಲು 5 ಮಿ.ಮೀ. ಮಾತ್ರ ಇಳಿಸಿ, ಗಾಡಿಯನ್ನು ನೆಲಕ್ಕಿಳಿಸಿ, ಹತ್ತಾರು ಅಡಿ ಹಿಂದೆ ಮುಂದೆ ಉರುಳಿಸಿದ ಮೇಲೆ ಮತ್ತೆ ಅಳೆಯಿರಿ. ಚಕ್ರ ತೂಗುತ್ತಿರುವಾಗ ಸ್ಪ್ರಿಂಗ್ ಕೈಯಲ್ಲಿ ಅಲುಗಾಡುವಷ್ಟು ಸಡಿಲವಾಗಬಾರದು. ಶಾಕ್‌ನ ತುದಿಯಲ್ಲಿ ನಡುವಿರುವ ನಟ್ಟನ್ನು ಯಾರೂ ಮುಟ್ಟಕೂಡದು. ಒತ್ತಿ ಕೂತ ಸ್ಪ್ರಿಂಗ್ ಅಲ್ಲಿಂದ ಸಿಡಿದರೆ ಪ್ರಾಣಕ್ಕೇ ಅಪಾಯ.

ಗೊಬ್ಬರದ ವಿಷಯ: ಮೂಟೆ ಹೇರಿದಾಗ ಹಿಂಭಾಗ ತಗ್ಗುತ್ತದೆಂದು ಮುಂಭಾಗವನ್ನು ಅದಕ್ಕೆ ಹೊಂದಿಸಬೇಡಿ. ಅದು ಲೀಫ್ ಸ್ಪ್ರಿಂಗ್ ನೋಡಿಕೊಳ್ಳಬೇಕಾದ ಕೆಲಸ.

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವ ಮಾರ್ಪಾಡುಗಳನ್ನು ನಿರ್ಬಂಧಿಸುವುದರಿಂದ, ಈ ಕಿಟ್ ಬಗ್ಗೆ ಆರ್‌ಟಿಒ ಕಚೇರಿಯಲ್ಲಿಯೂ ವಿಮಾ ಕಂಪನಿಯಲ್ಲಿಯೂ ವಿಚಾರಿಸಿಕೊಳ್ಳಿ. ಎತ್ತರ ಹೊಂದಿಸಿದ ದಿನವೇ ವ್ಹೀಲ್ ಅಲೈನ್‌ಮೆಂಟ್ ಮಾಡಿಸಿ, ಟೋ (ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಅಷ್ಟೇ ಅಲ್ಲದೆ ಕ್ಯಾಂಬರ್ (ಚಕ್ರ ಪಕ್ಕಕ್ಕೆ ವಾಲಿರುವ ಕೋನ) ಮತ್ತು ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದೆ ಮುಂದೆ ವಾಲಿರುವ ಕೋನ) ಅಂಕಿಗಳಿರುವ ಚೀಟಿಯನ್ನೂ ಕೇಳಿ ಪಡೆಯಿರಿ. ಹೆಡ್‌ಲೈಟ್‌ನ ಕೋನವನ್ನೂ ಸರಿಪಡಿಸಿಕೊಳ್ಳಿ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಲಾಕ್ ರಿಂಗ್ ಸಡಿಲಾಗಿದೆಯೇ, ಬಣ್ಣದ ಗುರುತು ಸರಿದಿದೆಯೇ ಎಂದು ಮತ್ತೊಮ್ಮೆ ನೋಡಿ.